ಎಡೆಯ ಕೋಣೆಯಲ್ಲಿ ಬಾಸ್ ಗಿಟಾರ್

ಮಹಾಲಯ ಅಮಾವಾಸ್ಯೆ, ಬೆಳಿಗ್ಗೆ ಹತ್ತು ಗಂಟೆ. ಕೊಳವಳ್ಳಿಯಲ್ಲಿ ತಂಗಿಯ ಮನೆ. ಇದ್ದವರು ತಂಗಿ, ಅವಳ ಗಂಡ, ನಾನು.

ಅವರ ಮಗ ಗಾನಮೇಳದ ತಂಡವೊಂದರಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಅವನಿಗೆ ಇದು ಮೊದಲ ಎಡೆ. ನಮ್ಮವರಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಬಂದು ಬಾಗಿಲು ಹಾಕುತ್ತೇವೆ. ಹೋದವರು ಬಂದು ಉಣ್ಣುವ ಹೊತ್ತು ಅದು. ಎಲೆಯ ಪಕ್ಕದಲ್ಲಿ ಅವರ ಸ್ವಂತ ವಸ್ತುವಲ್ಲದೆ ಬೇರೇನೂ ಇರಕೂಡದು. ಗಿಟಾರ್ ತಂಡದ್ದು. ಅವನದೆಂದು ಉಳಿದದ್ದು ಮೊಬೈಲ್ ಒಂದೇ. ಒಬ್ಬನೇ ಕೂತು ನುಡಿಸಿದ ರಾಗವೊಂದನ್ನು ಅದರಲ್ಲಿ ಮುದ್ರಿಸಿಟ್ಟಿದ್ದ. ಅದನ್ನು ಕೇಳಿಸುತ್ತಲೇ ಅವನಿಗೆ ಉಣ್ಣಿಸಬೇಕೆಂದು ತಂಗಿಯ ಹಟ.

"ರಾಗನೇ ಕೇಳ್ಸಾಕಿಲ್ಲ ಕಣಣ್ಣ," ಎಂದಳು. "ಬೆರಳು ಟಿಕ್ ಟಿಕ್ ಅಂತದೆ, ಅಷ್ಟೇ. ಅವ ಬಂದು, ಇದ್ಯಾರ್ದೋ ಅಂತ ತಿರ್ಗಿ ಹೋದ್ರೆ?"

ಸೈನ್ಯದ ಬ್ಯಾಂಡಿನಿಂದ ನಿವೃತ್ತನಾದ ಮೇಲೆ ನಾನು ಧ್ವನಿಮುದ್ರಣದ ಕೆಲಸ ಕಲಿತಿದ್ದೆ. ಕಾರಣ ಗೊತ್ತಿತ್ತು. ಮೊಬೈಲಿನ ಪುಟ್ಟ ಸ್ಪೀಕರಿಗೆ ಬಾಸಿನ ತಳದ ಸ್ವರವನ್ನು ನುಡಿಯುವ ಶಕ್ತಿಯಿಲ್ಲ. ಲ್ಯಾಪ್‌ಟಾಪ್ ತೆರೆದು, ಆತುರದಲ್ಲಿ ಇಡೀ ಧ್ವನಿಗೇ ಡಿಸ್ಟಾರ್ಷನ್ ಹಾಕಿದೆ, ಅಂದರೆ ಸ್ವರವನ್ನು ಬೇಕೆಂದೇ ಒಡೆದು ಒರಟು ಮಾಡಿದೆ. ಎಲ್ಲ ಕಲಸಿಹೋಯಿತು.

"ಮಿಕ್ಸಿ ಕೆಟ್ಟಂಗದೆ ಭಾವ," ಎಂದ ತಂಗಿಯ ಗಂಡ. "ಇದ್ನ ಕೇಳುದ್ರೆ ನಮ್ಮಜ್ಜನೂ ಉಣ್ದೆ ಎದ್ದೋಗ್ತಾನೆ."

ಎರಡನೆಯ ಸಲ ಕ್ರಮವಾಗಿ ಮಾಡಿದೆ. ಧ್ವನಿಯನ್ನು ತಳ, ನಡು, ಮೇಲು ಎಂದು ಮೂರು ಪಾಲು ಮಾಡಿ, ತಳದ್ದನ್ನು ಮುಟ್ಟದೆ ಬಿಟ್ಟೆ. ಬೆರಳುಜ್ಜುವ ಸದ್ದಿರುವ ಮೇಲಿನದನ್ನು ತಗ್ಗಿಸಿದೆ. ನಡುವಿನ ಪಾಲನ್ನು ಮಾತ್ರ ಒಡೆದೆ. ಆಗ ಹುಟ್ಟುವ ಹೊಸ ಸ್ವರಗಳನ್ನು ಸಣ್ಣ ಸ್ಪೀಕರ್ ನುಡಿಯಬಲ್ಲದು. ಅವನ್ನು ಕೇಳಿದ ಕಿವಿ, ಇಲ್ಲದ ತಳವನ್ನು ತಾನೇ ಊಹಿಸಿಕೊಳ್ಳುತ್ತದೆ. ಮೊಬೈಲಿಗೆ ಹಾಕಿ ಕೇಳಿಸಿದೆ. ರಾಗ ಸ್ಪಷ್ಟವಾಗಿತ್ತು. ಜೊತೆಗೆ, ಅಡಗಿದ್ದ ಸಣ್ಣ ಸದ್ದೊಂದು ಮೇಲೆದ್ದಿತ್ತು: ಸ್ವರಗಳ ನಡುವೆ ಯಾರೋ ಮೂಗಿನಲ್ಲಿ ಉಸಿರೆಳೆಯುತ್ತಿದ್ದರು.

ತಂಗಿ ಮೊಬೈಲನ್ನು ಕಿತ್ತುಕೊಂಡಳು. "ಸಾಕು. ಅವ್ನೇ. ಇನ್ನೇನೂ ಮಾಡ್ಬ್ಯಾಡ."

ಎಲೆಯ ಪಕ್ಕ ಮೊಬೈಲಿಟ್ಟು, ರಾಗ ಶುರು ಮಾಡಿ, ಹೊರಬಂದು ಬಾಗಿಲು ಹಾಕಿದೆವು. ಮರದ ಬಾಗಿಲಿನಾಚೆಯಿಂದ ರಾಗ ಸಣ್ಣಗೆ ಬಂತು. ಸ್ವಲ್ಪ ಹೊತ್ತಿಗೆ ಅದರಡಿಯಲ್ಲಿ ತಳದ ಸ್ವರ ಬಂತು, ದುಂಡಗೆ, ಎಳ್ಳಷ್ಟೂ ಒರಟಿಲ್ಲದೆ. ಕಿವಿಯ ಊಹೆ ಎಂದುಕೊಂಡೆ. ಬಾಗಿಲಿಗೆ ಅಂಗೈಯೊತ್ತಿ ನಿಂತಿದ್ದ ತಂಗಿ ನನ್ನ ಕೈಯನ್ನೂ ಎಳೆದು ಅಲ್ಲಿಟ್ಟಳು. ಹಲಗೆ ನಡುಗುತ್ತಿತ್ತು. ಇಲ್ಲದ್ದನ್ನು ಕಿವಿ ಕಲ್ಪಿಸೀತು. ಅಂಗೈಗೆ ಆ ಅಭ್ಯಾಸವಿಲ್ಲ.

ರಾಗ ಮುಗಿಯಿತು. ನಡುಕ ಮುಗಿಯಲಿಲ್ಲ.

"ಸರಿ, ತೆಗೀಲಾ?" ಎಂದ ಅವಳ ಗಂಡ, ಚಿಲಕಕ್ಕೆ ಕೈಯಿಟ್ಟು.

"ತಡೀರಿ. ಇನ್ನೂ ಉಣ್ತಾವ್ನೆ."

ಹಲಗೆ ಸುಮ್ಮನಾದ ಮೇಲೆ ಅವಳೇ ಕೆಮ್ಮಿ, ಬಾಗಿಲು ತಟ್ಟಿ ತೆರೆದಳು. ಎಲೆಯಲ್ಲಿ ಎಲ್ಲ ಬಡಿಸಿದಂತೆಯೇ ಇತ್ತು. ಮೊಬೈಲಿನ ಪರದೆ ಆರಿತ್ತು. ನನ್ನ ಲ್ಯಾಪ್‌ಟಾಪ್ ಹೊರಗೆ ಮುಚ್ಚಿಯೇ ಇತ್ತು. ಮನೆಯಲ್ಲಿ ಬೇರೆ ಸ್ಪೀಕರ್ ಇರಲಿಲ್ಲ. ಸುತ್ತ ನೋಡಿ ಬಂದೆ.

ಕಾಗೆಗೆ ಇಟ್ಟು ಬಂದು ಮೂವರೂ ಊಟಕ್ಕೆ ಕೂತೆವು. ತಂಗಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಮಗ ಹೋದಂದಿನಿಂದ ನಾನು ಅದನ್ನು ಕಂಡಿರಲಿಲ್ಲ. ಪಾತ್ರೆಗಳನ್ನು ಅವಳ ಗಂಡ ತೊಳೆದ. ಎಡೆಯ ಕೋಣೆಯನ್ನು ನಾನು ಗುಡಿಸಿ, ನೆಲ ಒರೆಸಿ, ಬಟ್ಟೆಯನ್ನು ಹಿಂಡಿ ಒಣಹಾಕಿದೆ.