ಮುಥೈಗಾದಲ್ಲಿ ಬರೆದ ಎರಡಕ್ಷರ

ಎಂಬತ್ತರ ದಶಕದ ಕೊನೆಗೆ ನಾನು ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ನನ್ನ ಬಳಿ ಬರುತ್ತಿದ್ದವರಲ್ಲಿ ಜಪಾನಿನ ಒಬ್ಬ ವೃದ್ಧೆಯೂ ಇದ್ದರು. ಅವರ ಅಳಿಯ ಅಲ್ಲಿನ ಜಪಾನಿ ರಾಯಭಾರ ಕಚೇರಿಯಲ್ಲಿದ್ದ. ಮಗಳನ್ನು ನೋಡಲು ಅದೇ ನಗರದ ಮುಥೈಗಾ ಬಡಾವಣೆಗೆ ಬಂದವರು ತೋಟದ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ತೆಗೆದ ಮೇಲೂ ಕೈ ಬಗ್ಗುತ್ತಿರಲಿಲ್ಲ.

ಕುಂಚದಲ್ಲಿ ಅಕ್ಷರ ಬರೆಯುವ ಕಲೆಯಲ್ಲಿ ಅಮ್ಮನದು ದೊಡ್ಡ ಹೆಸರು ಎಂದು ಮಗಳು ಹೇಳಿದಳು. ಅವರ ಮಾವ, ಗಂಡ ಇಬ್ಬರೂ ಸಂಸತ್ತಿನಲ್ಲಿದ್ದವರು. ಗಂಡ ತೀರಿಕೊಂಡು ಆ ಜಾಗಕ್ಕೆ ಈಗ ಮಗ ನಿಂತಿದ್ದ. ಮನೆಯವರು ಯಾರೇ ಚುನಾವಣೆಗೆ ನಿಂತರೂ ಪ್ರಚಾರದ ಕಚೇರಿಯ ಗೋಡೆಗೆ 'ಗೆಲುವು ಖಚಿತ' ಎಂಬರ್ಥದ ಎರಡಕ್ಷರ ಬರೆದುಕೊಡುತ್ತಿದ್ದವರು ಇವರೇ. ಬರೆದು ಕಳಿಸಿ ಎಂದು ಮಗ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ.

ಹಿಚುಕಲು ರಬ್ಬರ್ ಚೆಂಡು ಕೊಟ್ಟರೆ ಪಕ್ಕಕ್ಕಿಟ್ಟುಬಿಡುತ್ತಿದ್ದರು. ಮಸಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರೆಂದು ತಿಳಿದಾಗ ನನಗೆ ನಮ್ಮ ಮನೆಯ ಗಂಧದ ಕೊರಡು ನೆನಪಾಯಿತು. ಅದನ್ನೇ ವ್ಯಾಯಾಮ ಮಾಡಿಕೊಳ್ಳಿ ಎಂದೆ. ಅದನ್ನು ತಪ್ಪದೆ ಮಾಡಿದರು.

ಒಂದು ಮಧ್ಯಾಹ್ನ ಮಗಳು ನನ್ನನ್ನು ಮನೆಗೆ ಕರೆದಳು. ಅಮ್ಮ ಬರೆಯುವಾಗ ನಾನು ಹತ್ತಿರ ಇರಬೇಕಂತೆ. ಅವರು ನೆಲಕ್ಕೆ ಕಾಗದ ಹಾಸಿ ಮಂಡಿಯೂರಿ ಕುಂಚ ಹಿಡಿದರು. ಎರಡನೆಯ ಅಕ್ಷರ ಮುಗಿಯುವಾಗ ಕೈ ನಡುಗಿ ಗೆರೆ ಸೊಟ್ಟಗಾಯಿತು.

"ಅಪ್ಪನಿಗೆ ಬರೆದದ್ದು ಊರಿನಲ್ಲೇ ಇದೆಯಲ್ಲಮ್ಮ, ಅದನ್ನೇ ಹಾಕಲಿ," ಎಂದಳು ಮಗಳು, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ.

"ಅದು ನಿಮ್ಮಪ್ಪನದು. ಇವನಿಗೆ ಇದು," ಎಂದರು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ. ಮಸಿ ಒಣಗುವವರೆಗೂ ಕಾಗದವನ್ನೇ ನೋಡುತ್ತಿದ್ದರು. ಇನ್ನೊಂದು ಹಾಳೆಯಲ್ಲಿ ಮತ್ತೆ ಬರೆಯಲಿಲ್ಲ.

ಮನೆಗೆ ಬಂದು ನನ್ನವರಿಗೆ ಹೇಳಿದೆ. "ಅಷ್ಟು ದೊಡ್ಡ ಫ್ಯಾಮಿಲಿ ಕಣೇ, ಬೇರೆ ಯಾರ ಕೈಲಾದ್ರೂ ಬರೆಸಬಹುದಿತ್ತಲ್ವಾ?" ಎಂದರು.

"ಮಗನಿಗೆ ಅಮ್ಮನ ಕೈಬರಹಾನೇ ಬೇಕು ಅಂತ ಇತ್ತೇನೋ," ಎಂದೆ.

ಮಗ ಗೆದ್ದ. ಸುದ್ದಿ ಬಂದ ವಾರ ಅವರು ಕ್ಲಿನಿಕ್ಕಿಗೆ ಬಂದಾಗ ಅಭಿನಂದಿಸಿದೆ. ತಲೆಬಾಗಿ ವಂದಿಸಿ, "ಗೆದ್ದ ಮೇಲೆ ನಮ್ಮ ಯಜಮಾನರು ಮನೆಯಲ್ಲಿ ಉಂಡದ್ದೇ ಕಡಿಮೆ. ಇನ್ನು ಸೊಸೆ ಒಬ್ಬಳೇ ಉಣ್ಣುತ್ತಾಳೆ," ಎಂದರು. ದೂರಿನ ದನಿಯಿರಲಿಲ್ಲ.

ಮಗಳು ಇಲ್ಲೇ ಇರಿ ಎಂದು ಅತ್ತಳಂತೆ. ಆದರೆ ಜಪಾನಿನಲ್ಲಿ ಮಗನ ಕ್ಷೇತ್ರದ ಜನ ಮನೆಗೆ ಬರತೊಡಗಿದ್ದರು. ಅವರನ್ನು ಕೂರಿಸಿ ಚಹಾ ಕೊಟ್ಟು ಮಾತನಾಡಿಸುವುದು ಸೊಸೆಗೆ ಇನ್ನೂ ಗೊತ್ತಿರಲಿಲ್ಲ. ಕಲಿಸಿಕೊಡಬೇಕು ಎಂದು ಅವರು ಊರಿಗೆ ಹೊರಟರು.