ಪಾಸ್ಟರ್ ಸಂಜೀವ ಹೇಳಬೇಕಾಗಿ ಬಂದ ಸಾಕ್ಷಿ

ಮಾನ್ವಿಯ ಪಾಸ್ಟರ್ ಸಂಜೀವನಿಗೆ ದೊಡ್ಡ ದನಿ ಕೊಟ್ಟ ದೇವರು ಗಟ್ಟಿ ಎದೆ ಕೊಡುವುದನ್ನು ಮರೆತಿದ್ದ. ಫೋನ್ ಗುಂಯ್‌ಗುಟ್ಟಿದರೆ ಸಾಕು, ಯಾರಿಗೆ ಏನಾಯಿತೋ ಎಂದು ಚಪ್ಪಲಿ ಹುಡುಕತೊಡಗುತ್ತಿದ್ದ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಆರು ವರ್ಷ ಗುತ್ತಿಗೆ ಕೂಲಿಯಾಗಿ ಬೂದಿ ಹೊತ್ತು, ಆಮೇಲೆ ಬೈಬಲ್ ಶಾಲೆ ಸೇರಿ ಪಾಸ್ಟರ್ ಆದವನು. ಈಗ ಅವನದು ಎರಡು ಸಭೆ. ಭಾನುವಾರ ಬೆಳಿಗ್ಗೆ ಮಾನ್ವಿ, ಮಧ್ಯಾಹ್ನ ದೇವದುರ್ಗ. ಬೈಕಿನ ಹಿಂದೆ ಹೆಂಡತಿ ಕಲ್ಯಾಣಿ, ಅವಳ ತೊಡೆಯ ಮೇಲೆ ಹಾಡಿನ ಪುಸ್ತಕಗಳ ಚೀಲ. ಬೈಬಲಿನ ಪ್ರಸಂಗ ಇವನದು, ಹಾಡು ಅವಳದು. ಜನ ಯಾವುದಕ್ಕೆ ಹೆಚ್ಚು ಬರುತ್ತಾರೆಂದು ಕೇಳದಿರುವುದೇ ವಾಸಿ.

ಗುರುವಾರ ಬಂತೆಂದರೆ ಅವನು ಪಾಸ್ಟರ್ ಕಡಿಮೆ, ಆಸ್ಪತ್ರೆಯ ದಲ್ಲಾಳಿ ಹೆಚ್ಚು. ಜಾತಿ ಮತ ಕೇಳದೆ ಕಾಯಿಲೆಯವರನ್ನೆಲ್ಲ ಜಿಲಾನಿ ಪಾಷಾನ ಕ್ರೂಸರ್‌ನಲ್ಲಿ ತುಂಬಿಕೊಂಡು ರಾಯಚೂರಿಗೆ ಹೋಗುವುದು, ಚೀಟಿ ಮಾಡಿಸುವುದು, ಡಾಕ್ಟರು ಬರೆದದ್ದನ್ನು ಎರಡೆರಡು ಸಲ ಬಿಡಿಸಿ ಹೇಳುವುದು. ಜಿಲಾನಿಯ ತಾಯಿ ಬಡೇಬೀಯ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದು ಹೀಗೆಯೇ. ಇಂಥವನು ಆ ಒಂದು ಮಾತು ಆಡಬಾರದಿತ್ತು. ಆಡಿಬಿಟ್ಟ.

ಅವರ ಸಭೆಗಳಲ್ಲಿ ಪ್ರಸಂಗಕ್ಕೆ ಮುಂಚೆ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದು ಎಲ್ಲರ ಮುಂದೆ ಹೇಳಬೇಕು. ನಾಲ್ಕು ತಿಂಗಳ ಹಿಂದೆ ದೇವದುರ್ಗದಲ್ಲಿ ಮುದುಕಮ್ಮ ಎಂಬವಳು ಎದ್ದು ನಿಂತಳು. ಹೊಲದ ಕೂಲಿಯ ಹೆಣ್ಣುಮಗಳು, ಬಹಳ ವರ್ಷದಿಂದ ಮೂರ್ಛೆ ರೋಗ. ಉಪವಾಸ ಪ್ರಾರ್ಥನೆಯಾದಾಗಿನಿಂದ ಒಂದು ಸಲವೂ ಮೂರ್ಛೆ ಬಂದಿಲ್ಲವೆಂದು ಅತ್ತುಕೊಂಡು ಹೇಳಿದಳು. ಸಭೆ ಚಪ್ಪಾಳೆ ಹೊಡೆಯಿತು. ಸಂಜೀವನಿಗೆ ಮೈಮೇಲೆ ಎಚ್ಚರವಿರಲಿಲ್ಲ.

"ದೇವರು ಮುಟ್ಟಿದ ಮ್ಯಾಲ ಮನಷ್ಯಾರ ಮದ್ದು ಯಾಕ ಬೇಕು?" ಎಂದು ಮೈಕಿನಲ್ಲಿ ಕೂಗಿದ.

ಆಗ ಅವಳು ದಿನಾ ಗುಳಿಗೆ ನುಂಗುತ್ತಿದ್ದಳೋ ಇಲ್ಲವೋ ಎಂದು ಅವನು ಕೇಳಲಿಲ್ಲ. ನುಂಗುತ್ತಿದ್ದಳು. ಮಾರನೆಯ ದಿನದಿಂದ ಬಿಟ್ಟಳು.

ಕಳೆದ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದವಳು ಅವಳ ಮಗಳು ದುರ್ಗಾ. "ಯವ್ವ ಒಲಿ ಮುಂದ ಬಿದ್ದಾಳ್ರಿ ಪಾಸ್ಟ್ರ. ಕೈ ಸುಟ್ಟದ. ಮೂರ್ಛಿ ಬಿಡವಲ್ದು." ಎರಡು ತಿಂಗಳಿಂದ ಆಗಾಗ ಬರುತ್ತಿತ್ತಂತೆ. ಸಾಕ್ಷಿ ಹೇಳಿದವರ ಮನೆಯಲ್ಲಿ ಹೀಗೆಂದರೆ ನಾಚಿಕೆಯೆಂದು ತಾಯಿ ಬಾಯಿ ಬಿಡಗೊಟ್ಟಿರಲಿಲ್ಲ.

ರಾಯಚೂರಿನ ದಾರಿಯುದ್ದಕ್ಕೂ ಜಿಲಾನಿಯ ಕ್ರೂಸರ್‌ನಲ್ಲಿ ಸಂಜೀವ ಅವಳ ತಲೆ ಹಿಡಿದು ಕೂತಿದ್ದ. ಪ್ರಾರ್ಥನೆ ಶುರು ಮಾಡಿದರೆ ಎರಡನೇ ಮಾತಿಗೇ ನಿಂತುಹೋಗುತ್ತಿತ್ತು. ಕಲ್ಮಲ ದಾಟುವಾಗ ಜಿಲಾನಿ ಕನ್ನಡಿಯಲ್ಲಿ ನೋಡಿ ಕೇಳಿದ: "ನಮ್ಮ ಅಮ್ಮಾಗ ಗುಳಿಗಿ ಒಂದು ಹೊತ್ತು ಸೈತ ತಪ್ಪಿಸಬ್ಯಾಡಾಂತ ನೀವ ಬೈತಿದ್ರಿ. ಈಕಿಗ್ಯಾಕ ಹೇಳಲಿಲ್ಲ ಪಾಸ್ಟರ್ ಸಾಬ್?" ಅವನು ಕೊಂಕಿನಿಂದ ಕೇಳಿರಲಿಲ್ಲ. "ಜಲ್ದಿ ಹೊಡಿ," ಎಂದಷ್ಟೇ ಹೇಳಿದ ಸಂಜೀವ.

ಆಸ್ಪತ್ರೆಯಲ್ಲಿ ಸೂಜಿಮದ್ದಿಗೆ ಮೂರ್ಛೆ ನಿಂತಿತು. "ಸೂಜಿ ಮೇಲೆ ಎಷ್ಟು ದಿನ ಇಡೋಕಾಗುತ್ತೆ? ಗುಳಿಗೆ ನುಂಗಲೇಬೇಕು. ಇನ್ನೊಂದು ಸಲ ಹೀಗೆ ಬಂದರೆ ಜೀವ ಉಳಿಯೋದು ಕಷ್ಟ," ಎಂದರು ಡಾಕ್ಟರು. ಆದರೆ ಎಚ್ಚರವಾದ ಮುದುಕಮ್ಮ ಹಲ್ಲು ಕಚ್ಚಿ ಮಲಗಿದಳು. ದುರ್ಗಾ ಬಾಯಿಗೆ ಹಾಕಿದ ಗುಳಿಗೆಯನ್ನು ಉಗುಳಿದಳು.

"ನಾ ಹೇಳಾಕತ್ತೀನಿ ಯವ್ವಾ, ನುಂಗು," ಎಂದ ಸಂಜೀವ.

"ನಾ ದೇವರ ಮುಂದ ಸಾಕ್ಷಿ ಹೇಳೀನ್ರಿ. ಈಗ ನುಂಗಿದ್ರ ಅದು ಸುಳ್ಳಾತದ."

"ತಪ್ಪು ನಂದು. ನಾನಽ ಹಂಗ ಅನಬಾರದಿತ್ತು."

"ಇಲ್ಲಿ ಕಿವ್ಯಾಗ ಹೇಳಬ್ಯಾಡ್ರಿ. ಸಭಾದಾಗ ಅಂದ ಮಾತು ಸಭಾದಾಗ ಹಿಂದಕ್ಕ ತಗೋರಿ. ಆಮ್ಯಾಗ ನೋಡಮು."

ಶನಿವಾರ ದೇವದುರ್ಗದ ಸಭೆಯ ಹಿರಿಯ ಸುಂಕಪ್ಪನಿಗೆ ವಿಷಯ ತಿಳಿಸಿದ. ಸುಂಕಪ್ಪ ಕೆಟ್ಟವನಲ್ಲ, ಸಭೆಯ ಗೋಡೆಗೆ ತಾನೇ ಕಲ್ಲು ಹೊತ್ತವನು. "ಹಂಗ ಮಾಡಬ್ಯಾಡ್ರಿ ಪಾಸ್ಟ್ರ. ನಿಮ್ಮ ಮಾತು ಒಂದು ಸುಳ್ಳಾದ್ರ ಎಲ್ಲಾ ಸುಳ್ಳಂತಾರ. ಮಂದಿ ಬ್ಯಾರೆ ಸಭಾಕ್ಕ ಎದ್ದು ಹೋಗ್ತಾರ. ನಾ ಹೋಗಿ ಆಕಿನ್ನ ಒಪ್ಪಸ್ತೀನಿ, ತಡೀರಿ." ರಾಯಚೂರಿಗೆ ಹೋದ, ಒಪ್ಪಿಸಲಾಗದೆ ಬಂದ. ಅಂದು ರಾತ್ರಿ ಸಂಜೀವ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಲೇ ಕೂತಿದ್ದ. ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ ಸಭೆ ಒಂದು ಕಡೆ, ಒಂದು ಜೀವ ಇನ್ನೊಂದು ಕಡೆ. ಯಾವುದು ದೊಡ್ಡದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆದರುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಕಲ್ಯಾಣಿ ಅವನ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ದೇವದುರ್ಗದಲ್ಲಿ ಅವನು ಪ್ರಸಂಗದ ಪೀಠ ಹತ್ತಲಿಲ್ಲ. ಸಾಕ್ಷಿ ಹೇಳುವವರು ನಿಲ್ಲುವ ಕಡೆ, ಚಾಪೆಯ ಅಂಚಿಗೆ ಬಂದು ನಿಂತ. ಆಸ್ಪತ್ರೆಯಲ್ಲಿದ್ದ ದುರ್ಗಾಳಿಗೆ ಫೋನ್ ಹಚ್ಚಿ, ತಾಯಿಯ ಕಿವಿಗೆ ಹಿಡಿಯೆಂದ. ತನ್ನ ಫೋನನ್ನು ಸ್ಪೀಕರ್ ಹಾಕಿ ಮೈಕಿನ ಪಕ್ಕಕ್ಕಿಟ್ಟ.

"ನಾಕು ತಿಂಗಳ ಹಿಂದ ನಾ ಇಲ್ಲಿ ತಪ್ಪು ಮಾತಾಡಿದೆ. ಮದ್ದು ಯಾಕ ಬೇಕು ಅಂದೆ. ದೇವರು ಹಂಗ ಅಂದಿಲ್ಲ, ನಾ ಅಂದೆ. ಮುದುಕಮ್ಮಗ ಆರಾಮ ಇದ್ದದ್ದು ಗುಳಿಗಿ ನುಂಗತಿದ್ದಕ್ಕ. ಆಕಿ ಸುಳ್ಳು ಹೇಳಿಲ್ಲ. ದೇವರು ಆಕಿನ್ನ ಗುಳಿಗಿ ಕೊಟ್ಟಽ ಕಾಯಾಕತ್ತಿದ್ದ. ಬಿಡಿಸಿದಾಂವ ನಾನು."

ಸುಂಕಪ್ಪ ನೆಲ ನೋಡುತ್ತ ಕೂತ.

"ಇನ್ನ್ಯಾರರ ಬಿಟ್ಟೀರೇನು? ಬಿಟ್ಟಿದ್ರ ಏಳ್ರಿ. ಬೈಯಂಗಿಲ್ಲ."

ಆಮೇಲೆ ಹೆಂಗಸರ ಸಾಲಿನ ಮುಂದಿನಿಂದ, ಹಾಡಿನ ಪುಸ್ತಕ ಕೈಯಲ್ಲಿ ಹಿಡಿದೇ ಕಲ್ಯಾಣಿ ಎದ್ದು ನಿಂತಳು.

"ನಾ ಬಿಟ್ಟೀನ್ರಿ, ಬಿಪಿ ಗುಳಿಗಿ," ಎಂದಳು. "ಪಾಸ್ಟ್ರ ಹೆಂಡ್ತಿನಽ ನುಂಗಿದ್ರ ಮಂದಿ ಏನಂದಾರು ಅಂತ."

ಊರ ಮಂದಿಗೆಲ್ಲ ಗುಳಿಗೆಯ ಲೆಕ್ಕ ಹೇಳುವ ಸಂಜೀವನಿಗೆ, ತನ್ನ ಹೆಂಡತಿಗೆ ಕೊನೆಯ ಸಲ ಗುಳಿಗೆ ಯಾವಾಗ ತಂದುಕೊಟ್ಟೆನೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಅವಳ ಹಿಂದೆ ಮತ್ತೊಬ್ಬಳು ಎದ್ದಳು. ಗಂಡಸರ ಕಡೆ ಇಬ್ಬರು. ಬಾಗಿಲ ಹತ್ತಿರ ಕೋಲು ಊರಿಕೊಂಡು ಒಬ್ಬ ಮುದುಕ.

ಫೋನಿನೊಳಗಿಂದ ಮುದುಕಮ್ಮನ ದನಿ ಕೇಳಿತು. "ಎಷ್ಟು ಮಂದಿ ಎದ್ದಾರ್ರಿ ಪಾಸ್ಟ್ರ?"

"ಐದು ಮಂದಿ ಯವ್ವಾ."

"ನನ್ನ ಸಾಕ್ಷಿ ಕೇಳಿ ಗುಳಿಗಿ ಬಿಟ್ಟಾರೇನ್ರಿ?"

"ಅಲ್ಲ. ನನ್ನ ಮಾತು ಕೇಳಿ ಬಿಟ್ಟಾರ."

ಆ ಕಡೆ ಅವಳು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ, "ದುರ್ಗಾ, ಆ ಗುಳಿಗಿ ತಾ. ನೀರು ಕೊಡು," ಎಂದಳು.

ಸಂಜೀವ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಇನ್ನೂ ನಿಂತೇ ಇದ್ದಳು.