ಹೊಲಿಗೆಯಿಲ್ಲದ ಅಂಗಿ

ನನ್ನ ಗಂಡ ದಾನಿಯೇಲಪ್ಪನಂಥ ಹಟಮಾರಿಯನ್ನು ಇಡೀ ಬೆಟಗೇರಿಯಲ್ಲಿ ನಾನು ಕಂಡಿಲ್ಲ. ವಾರವೆಲ್ಲ ಮಗ್ಗ, ಭಾನುವಾರ ಚರ್ಚಿನಲ್ಲಿ ದೊಡ್ಡವರಿಗೆ ಸತ್ಯವೇದದ ಪಾಠ. ಹದಿನೆಂಟು ವರ್ಷ ಹೀಗೇ ನಡೆದಿತ್ತು. ಏಕೀಕರಣದ ವರ್ಷ ಎಲ್ಲ ಕೆಟ್ಟಿತು.

ಯೇಸುವನ್ನು ಶಿಲುಬೆಗೇರಿಸಿದ ಸಿಪಾಯಿಗಳು ಅವನ ಬಟ್ಟೆ ಹಂಚಿಕೊಂಡ ಭಾಗ ಬಂದಿತ್ತು. ಅವನ ಅಂಗಿಗೆ ಹೊಲಿಗೆಯೇ ಇರಲಿಲ್ಲ, ಮೇಲಿಂದ ಕೆಳಗಿನವರೆಗೆ ನೇಯ್ದದ್ದು ಎಂದು ಅಲ್ಲಿದೆ. ಇವರು ಪುಸ್ತಕ ಮುಚ್ಚಿ, "ಇದು ಆಗೂ ಮಾತಲ್ಲ. ನಾ ನೇಕಾರ, ನನಗ ಗೊತ್ತಿಲ್ಲೇನು?" ಅಂದುಬಿಟ್ಟರು. ಸಭೆಯ ಹಿರಿಯರು ಕೆಂಡವಾದರು. "ನಂಬಿಕಿ ಬರೂತನಕ ಪಾಠ ಹೇಳಬ್ಯಾಡ್ರಿ."

ಪಾಠವೆಂದರೆ ಇವರ ಜೀವ. ಅದೇ ನಾಲ್ಕು ಸಾಲು ಓದುವುದು, ಅಂಥ ಅಂಗಿ ನೇಯಲು ಮಗ್ಗಕ್ಕೆ ಇಳಿಯುವುದು, ಉದ್ದ ಎಳೆಗಳ ಹಾಸು ಕೆಡಿಸುವುದು. ಮೂರು ಹಾಸು ಗಂಟುಗಂಟಾಗಿ ಹೋದವು. ನೂಲು ಸುತ್ತುವವಳು ನಾನು, ಹೊಟ್ಟೆ ಉರಿಯದೆ ಇರುತ್ತದೆಯೇ? "ಮದಲ ಸೀರಿ ನೇಯ್ರಿ! ಯೇಸುಸ್ವಾಮಿ ನಿಮಗ ಅಂಗಿ ಕೇಳ್ಯಾನೇನು?" ಎಂದು ಕೂಗಾಡಿದೆ. ಪಕ್ಕದ ಮನೆಯ ನೇಕಾರ ಪುಂಡಲೀಕಪ್ಪ ದಿನಾ ಇಣುಕಿ, "ಏನಲೇ ದಾನಿಯೇಲಾ, ತೋಳು ಬಂತೇನು?" ಎಂದು ಕಾಡುತ್ತಿದ್ದ.

ನಾಲ್ಕನೆಯ ಹಾಸನ್ನು ಇವರು ಎರಡು ಪದರ ಮಾಡಿ ಏರಿಸಿದರು. ಲಾಳಿ ಮೇಲಿನ ಪದರದಲ್ಲಿ ಹೋಗಿ ಕೆಳಗಿನ ಪದರದಲ್ಲಿ ತಿರುಗಿ ಬಂತು. ಎರಡೂ ಅಂಚು ತಾವೇ ಕೂಡಿಕೊಂಡು ಬಟ್ಟೆ ಚೀಲದ ಹಾಗೆ ಇಳಿಯಿತು. ತಲೆಗೂ ತೋಳಿಗೂ ನೇಯುವಾಗಲೇ ಕಂಡಿ ಬಿಟ್ಟಿದ್ದರು, ಅದೇ ಅಂಗಿಯಾಯಿತು. ಪುಂಡಲೀಕಪ್ಪ ಇಣುಕುವುದನ್ನೇ ಬಿಟ್ಟ.

ಭಾನುವಾರ ಹಿರಿಯರು ಅಂಗಿಯನ್ನು ತಿರುವಿ ಮುರುವಿ ನೋಡಿ, "ವೇದ ಖರೆ ಅಂತ ಸಿದ್ಧ ಆತು. ಇವತ್ತಿಂದ ನೀವ ಪಾಠ ಹೇಳ್ರಿ" ಎಂದರು. ಅಂತೂ ಗೆದ್ದರಲ್ಲ ಎಂದು ನನ್ನ ಜೀವ ತಣ್ಣಗಾಯಿತು.

ಇವರು ಅದೇ ಭಾಗ ತೆಗೆದು ಓದತೊಡಗಿದರು. ಕೇಳುವವರು ಯಾರು? ಅಂಗಿ ಕೈಯಿಂದ ಕೈಗೆ ಹೋಗುತ್ತಿತ್ತು. ಹೆಂಗಸರು ಒಳಗೆ ಕೈ ಹಾಕಿ ಹೊಲಿಗೆ ಹುಡುಕುತ್ತಿದ್ದರು. ಶಿಲುಬೆಯ ಮೇಲೆ ಯೇಸು ನೀರಡಿಕೆ ಎಂದ ಸಾಲಿಗೆ ಇವರು ಬಂದಾಗ ನಾನು ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳಿಗೆ, "ನೂಲು ಸುತ್ತಿದಾಕಿ ನಾನವ್ವಾ" ಎಂದು ಹೇಳುತ್ತಿದ್ದೆ.

ಓದು ನಿಂತಿತು. ಇವರ ಮುಖ ಕಪ್ಪಿಟ್ಟಿತ್ತು.

"ಮ್ಯಾಲೆ ಮನಷ್ಯಾ ಸಾಯಾಕತ್ತಿದ್ದ," ಎಂದರು. "ಸಿಪಾಯಿಗಳು ಕೆಳಗ ಬಟ್ಟಿ ನೋಡ್ಕೋತ ಕುಂತಿದ್ರು. ಮೂರು ತಿಂಗಳಾತು, ನಾನೂ ಬರೇ ಆ ಅಂಗೀನ ನೋಡೀನಿ."

ಅಂಗಿ ಆಗ ನನ್ನ ಕೈಯಲ್ಲಿತ್ತು.